ಧಣಿಯಿಲ್ಲದವರ ಮುಪ್ಪು

(ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ಬಳಗದ ಕೂಟದಲ್ಲಿ ಮಾಡಿದ ಭಾಷಣ)



ಮೇ ೧ನೇ ತಾರೀಕನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಆಚರಿಸಬೇಕೆಂದು ಜಗದ್ಗುರು ಹನ್ನೆರಡನೆಯ ಪಿಯುಸರು ಗೊತ್ತುಪಡಿಸಿದ್ದು ೧೯೫೫ರಲ್ಲಿ. ಈ ದಿನದ ಸಭೆಗಳಲ್ಲಿ ಕಾರ್ಖಾನೆ, ಬೋನಸ್ಸು, ಎಂಟು ಗಂಟೆಯ ದುಡಿಮೆ ಇವುಗಳ ಮಾತು ಬರುವುದು ರೂಢಿ. ಬರಲಿ, ಬರಬೇಕಾದದ್ದೇ. ಆದರೆ ಹಬ್ಬ ಯಾರದೋ ಅವರ ಹೆಸರು ಯಾವ ಕಾರ್ಖಾನೆಯ ಮಸ್ಟರ್ ರೋಲಿನಲ್ಲೂ ಇರಲಿಲ್ಲ. ಜೋಸೆಫರು ನಜರೇತಿನಲ್ಲಿ ಸ್ವಂತ ಕಸುಬಿನಿಂದ ಸಂಸಾರ ನಡೆಸಿದ ಬಡಗಿ. ಇಂದಿನ ಸರಕಾರಿ ಭಾಷೆಯಲ್ಲಿ ಹೇಳುವುದಾದರೆ ಸ್ವಯಂ ಉದ್ಯೋಗಿ. ಈ ಸಭಾಂಗಣದಲ್ಲಿ ಕುಳಿತವರಲ್ಲಿಯೂ ಹೆಚ್ಚಿನವರು ಅದೇ ಜಾತಿಯವರು: ಟೈಲರುಗಳು, ಆಟೋ ಓಡಿಸುವವರು, ತೆಂಗಿನ ಮರ ಹತ್ತುವವರು, ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಅಕ್ಕಂದಿರು, ಅರ್ಧ ಎಕರೆ ಅಡಿಕೆಯ ಜತೆಗೆ ನಾಲ್ಕು ಕಡೆ ಕೈಕೆಲಸ ಮಾಡುವವರು. ನಿಮಗೆ ಸಂಬಳದ ಚೀಟಿಯಿಲ್ಲ, ನಿವೃತ್ತಿಯ ದಿನವಿಲ್ಲ. ಕೈ ನಡುಗುವ ದಿನವೇ ನಿವೃತ್ತಿ. ಆ ದಿನದ ನಂತರ ಏನು ಎಂಬುದೇ ಇಂದಿನ ಮಾತು.

ಜೋಸೆಫರು ಯಾವಾಗ ತೀರಿಕೊಂಡರೆಂದು ಶುಭಸಂದೇಶ ಹೇಳುವುದಿಲ್ಲ. ಶಿಲುಬೆಯ ಬುಡದಲ್ಲಿ ಮಾತೆ ಮರಿಯಮ್ಮನವರು ನಿಂತಿದ್ದಾಗ ಅವರ ಹೆಸರು ಅಲ್ಲಿ ಕೇಳಿಬರುವುದಿಲ್ಲ. ಸ್ವಂತ ಕಸುಬಿನವನ ವಿಧವೆ. ಇದ್ದ ಮಗನೂ ಕಣ್ಣೆದುರೇ ಪ್ರಾಣ ಬಿಡುತ್ತಿದ್ದಾನೆ. ಆ ಸಂಕಟದ ನಡುವೆ ಯೇಸುಸ್ವಾಮಿ ತಾಯಿಯನ್ನು ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸಿದರು. ಶಿಷ್ಯನ ಮನೆ ಆಕೆಗೆ ಆಸರೆಯಾಯಿತು. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ನಾವು ಇದರ ಆಧ್ಯಾತ್ಮಿಕ ಅರ್ಥವನ್ನು ಹೇಳಿಕೊಡುತ್ತೇವೆ. ಕಾರ್ಮಿಕರ ಕೂಟದಲ್ಲಿ ನೇರ ಅರ್ಥವನ್ನೂ ಹೇಳಬೇಕಾಗುತ್ತದೆ. ದುಡಿದವನು ಹೋದ ಮೇಲೆ ಉಳಿದವರ ಮುಪ್ಪಿಗೆ ಏರ್ಪಾಡು ಮಾಡುವುದು ಕೊನೆಯುಸಿರಿನ ಗಳಿಗೆಯಲ್ಲೂ ಅವರಿಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ಪಿಂಚಣಿಯ ಕಾನೂನು ಕಾರ್ಮಿಕನನ್ನು ಮೊದಲು ಕೇಳುವ ಪ್ರಶ್ನೆ: ನಿನ್ನ ಧಣಿ ಯಾರು? ಧಣಿಯಿದ್ದರೆ ಅವನ ಪಾಲು ಇಷ್ಟು, ನಿನ್ನ ಪಾಲು ಇಷ್ಟು ಎಂದು ಲೆಕ್ಕ ಹಾಕಬಹುದು. ಇಲ್ಲವಾದರೆ ಲೆಕ್ಕದ ಪುಸ್ತಕವೇ ತೆರೆಯುವುದಿಲ್ಲ. ಆದುದರಿಂದಲೇ ಧಣಿಯಾದವನಿಗೆ "ನಾನು ಧಣಿಯಲ್ಲ" ಎನ್ನುವ ಆಸೆ. ನಮ್ಮ ಕಡೆಯ ಬೀಡಿಯ ಕಥೆಯನ್ನೇ ನೋಡಿ. ಎಲೆ, ಹೊಗೆಸೊಪ್ಪು ತೂಗಿ ಕೊಡುವುದು, ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವುದು, ಒಪ್ಪದ ಬೀಡಿಯನ್ನು ಬದಿಗೆ ತೆಗೆದು ಹಾಕುವುದು, ಇಷ್ಟೆಲ್ಲ ಮಾಡಿಯೂ, ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸು ನಮ್ಮ ಕೆಲಸದವಳಲ್ಲ, ಸ್ವಂತ ಕಸುಬಿನವಳು ಎಂದು ಮಾಲಿಕರು ವರ್ಷಗಟ್ಟಲೆ ವಾದಿಸಿದರು. ೧೯೬೬ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಅದನ್ನು ಕೇರಳದಲ್ಲಿ ಜಾರಿ ಮಾಡಿದಾಗ ಗಡಿಯಾಚೆಯ ಮಾಲಿಕರು ಇಲ್ಲಿಯ ಕೆಲಸವನ್ನೇ ನಿಲ್ಲಿಸಿದರು. ಹಾಗೆ ಬೀದಿಗೆ ಬಿದ್ದವರಿಗಾಗಿ ೧೯೬೯ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ೧೯೮೫ರಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲಿ ಬೀಡಿ ಕಟ್ಟುವವರೂ ಪ್ರಾವಿಡೆಂಟ್ ಫಂಡಿಗೆ ಹಕ್ಕುದಾರರು ಎಂದು ಹೇಳಿತು. ಕಟ್ಟಿದ ಬೀಡಿಯನ್ನು ಬೇಡವೆನ್ನುವ ಅಧಿಕಾರ ಮಾಲಿಕನ ಕೈಯಲ್ಲಿದೆಯಲ್ಲ, ಅದೇ ಅವನು ಧಣಿಯೆಂಬುದಕ್ಕೆ ಗುರುತಾಯಿತು.

ಬೀಡಿಯವರಿಗೆ ಹೀಗೆ ಧಣಿ ಸಿಕ್ಕಿದ. ಮೀನು ಬುಟ್ಟಿಯ ಅಕ್ಕನಿಗೆ ಯಾರನ್ನು ಹುಡುಕಿ ಕೊಡೋಣ?

ಜಗದ್ಗುರು ಎರಡನೆಯ ಜಾನ್ ಪೌಲರು ೧೯೮೧ರ ಸೆಪ್ಟೆಂಬರಿನಲ್ಲಿ 'ಲಬೋರೆಮ್ ಎಕ್ಸೆರ್ಚೆನ್ಸ್' ಎಂಬ ಪತ್ರವನ್ನು ಧರ್ಮಸಭೆಗೆ ಬರೆದರು. ಅದರಲ್ಲಿ ನೇರ ಧಣಿ, ಪರೋಕ್ಷ ಧಣಿ ಎಂದು ಎರಡು ಬಗೆ ಮಾಡುತ್ತಾರೆ. ಕೂಲಿ ಎಣಿಸಿ ಕೊಡುವವನು ನೇರ ಧಣಿ. ಆ ಕೂಲಿ ಎಷ್ಟಿರಬೇಕು, ದುಡಿಮೆ ಹೇಗಿರಬೇಕು ಎಂಬುದನ್ನು ಹಿಂದಿನಿಂದ ತೀರ್ಮಾನಿಸುವ ಸರಕಾರ, ಕಾನೂನು, ಸಂಸ್ಥೆಗಳು ಪರೋಕ್ಷ ಧಣಿ. ಮುಪ್ಪಿನ ಪಿಂಚಣಿ ಮತ್ತು ವಿಮೆ ದುಡಿಯುವವನ ಹಕ್ಕು ಎಂಬುದೂ ಅದೇ ಪತ್ರದಲ್ಲಿದೆ. ಇದನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ. ಅಕ್ಕ ಬಿಸಿಲಲ್ಲಿ ಗುಡ್ಡ ಹತ್ತಿ ಬಂದರೆ ಊರಿಗೆ ಮಧ್ಯಾಹ್ನದ ಸಾರು. ಟೈಲರು ಕಣ್ಣು ಸೋಲಿಸಿ ಹೊಲಿದದ್ದು ಮಕ್ಕಳ ಶಾಲೆಯ ಅಂಗಿ, ಪ್ರಥಮ ಪರಮಪ್ರಸಾದದ ಬಿಳಿ ಉಡುಪು. ಇವರಿಗೆ ಒಬ್ಬ ಧಣಿ ಇಲ್ಲವೆಂದರೆ ಊರೆಲ್ಲ ಧಣಿ ಎಂದೇ ಅರ್ಥ. ಬಂಗುಡೆಗೆ ಚೌಕಾಸಿ ಮಾಡಿ ಗಿರಾಕಿ ಉಳಿಸಿಕೊಂಡ ಹತ್ತು ರೂಪಾಯಿ ಆ ಅಕ್ಕನ ಮುಪ್ಪಿನ ಗಂಟಿನಿಂದ ಬಂದದ್ದು. ಹಾಗಾದರೆ ಅವಳ ಪಿಂಚಣಿಯ ಇನ್ನೊಂದು ಪಾಲನ್ನು ಊರು ಕೊಡಬೇಕು; ಊರೆಲ್ಲ ಸೇರಿ ಕಟ್ಟಿದ ತೆರಿಗೆಯಿಂದ ಬರಬೇಕು.

ಇದು ಬರೀ ಉಪದೇಶಿಯ ಮಾತು ಎನ್ನಬೇಡಿ. ಸರಕಾರವೇ ಈ ದಾರಿಯನ್ನು ಹಿಂದೆ ಹಿಡಿದಿತ್ತು. ೧೯೭೬ರ ಕಾನೂನಿನಿಂದ ಬೀಡಿ ಉದ್ಯಮದ ಮೇಲೆ ಸೆಸ್ಸು ಹಾಕಿ, ಆ ಹಣದಿಂದ ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಇವುಗಳಿಗೆ ನಿಧಿ ಮಾಡಿತು. ೨೦೧೭ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸು ರದ್ದಾಯಿತು, ಅದು ಬೇರೆ ನೋವು. ೧೯೯೬ರ ಕಾನೂನಿನಿಂದ ಕಟ್ಟಡ ಕಟ್ಟಿಸುವವರು ಖರ್ಚಿನ ನೂರಕ್ಕೆ ಒಂದರಂತೆ ಗಾರೆ ಕೆಲಸದವರ ನಿಧಿಗೆ ಕೊಡಬೇಕೆಂದಾಯಿತು. ಮೇಸ್ತ್ರಿ ಇಂದು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ ದುಡಿದರೂ ನಿಧಿ ಒಂದೇ. ಈಗಿನ ಸಾಮಾಜಿಕ ಭದ್ರತಾ ಸಂಹಿತೆ ೨೦೨೦ರಲ್ಲಿ ಅಂಗೀಕಾರವಾಗಿ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂತು. ಮೊಬೈಲಿನಲ್ಲಿ ಕರೆದರೆ ಊಟ ತಂದುಕೊಡುವ, ಬಾಡಿಗೆ ಓಡಿಸುವ ಹುಡುಗರಿಗಾಗಿ ಅವರ ಕಂಪೆನಿಗಳು ವಹಿವಾಟಿನ ನೂರಕ್ಕೆ ಒಂದರಿಂದ ಎರಡು ಪಾಲು ಕೊಡಬೇಕೆಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಅದೇ ಸಂಹಿತೆ ಸ್ವಯಂ ಉದ್ಯೋಗಿಯ ಹೆಸರನ್ನೂ ಎತ್ತಿ, ಅವನಿಗೆ ಯೋಜನೆ ಮಾಡತಕ್ಕದ್ದು ಎಂದು ಹೇಳಿ, ಹಣ ಯಾರ ಕಿಸೆಯಿಂದ ಎಂಬಲ್ಲಿ ಗಟ್ಟಿಯಾದ ಮಾತು ಹೇಳುವುದಿಲ್ಲ.

ಈಗಿರುವ ಯೋಜನೆಗಳ ಲೆಕ್ಕಕ್ಕೆ ಬರೋಣ. ಸ್ವಲ್ಪ ಬೇಸರದ ಭಾಗ, ಆದರೂ ಕೇಳಬೇಕು. ೨೦೧೯ರಲ್ಲಿ ಕೇಂದ್ರ ಸರಕಾರ ಶ್ರಮಯೋಗಿ ಮಾನ್‌ಧನ್ ಎಂಬ ಪಿಂಚಣಿ ತಂದಿತು. ತಿಂಗಳ ಆದಾಯ ೧೫,೦೦೦ ರೂಪಾಯಿಯ ಒಳಗಿರಬೇಕು, ವಯಸ್ಸು ೧೮ರಿಂದ ೪೦. ಹದಿನೆಂಟಕ್ಕೆ ಸೇರಿದರೆ ತಿಂಗಳಿಗೆ ೫೫ ರೂಪಾಯಿ, ಇಪ್ಪತ್ತೊಂಬತ್ತಕ್ಕೆ ೧೦೦, ನಲವತ್ತಕ್ಕೆ ೨೦೦. ನಾವು ಕಟ್ಟಿದಷ್ಟನ್ನೇ ಸರಕಾರವೂ ಕಟ್ಟುತ್ತದೆ. ಅರವತ್ತಾದ ಮೇಲೆ ತಿಂಗಳಿಗೆ ೩,೦೦೦. ಸತ್ತರೆ ಹೆಂಡತಿಗೆ ಅಥವಾ ಗಂಡನಿಗೆ ಅದರ ಅರ್ಧ. ಸರಕಾರ ತಾನೇ ಧಣಿಯ ಪಾಲನ್ನು ಹೊತ್ತಿತಲ್ಲ, ಇದನ್ನು ನಾವು ಮೆಚ್ಚಬೇಕು. ಅಟಲ್ ಪಿಂಚಣಿ ೨೦೧೫ರದು. ಅಲ್ಲಿಯೂ ಸೇರುವ ವಯಸ್ಸು ೧೮ರಿಂದ ೪೦. ತಿಂಗಳಿಗೆ ೧,೦೦೦ ರೂಪಾಯಿಯ ಪಿಂಚಣಿಗೆ ಹದಿನೆಂಟರವನು ೪೨ ರೂಪಾಯಿ ಕಟ್ಟಿದರೆ ನಲವತ್ತರವನು ೨೯೧ ಕಟ್ಟಬೇಕು. ಎಂದರೆ ಇಪ್ಪತ್ತು ವರ್ಷಕ್ಕೆ ೬೯,೮೪೦ ರೂಪಾಯಿ. ಇದರಲ್ಲಿ ಒಂದು ಗುಣವುಂಟು: ಸದಸ್ಯ ತೀರಿಕೊಂಡರೆ ಅಷ್ಟೇ ಪಿಂಚಣಿ ಜೊತೆಗಾರನಿಗೆ ಅಥವಾ ಜೊತೆಗಾತಿಗೆ ಸಿಗುತ್ತದೆ.

ನಲವತ್ತರ ಗಡಿಯನ್ನು ಗಮನಿಸಿದಿರಾ? ಇಲ್ಲಿ ಕುಳಿತವರ ತಲೆ ನೋಡಿದರೆ ಕರಿಯದಕ್ಕಿಂತ ಬಿಳಿಯದೇ ಹೆಚ್ಚು. ಮುಪ್ಪಿನ ಚಿಂತೆ ಮನುಷ್ಯನಿಗೆ ಹತ್ತುವುದೇ ನಲವತ್ತು ದಾಟಿದ ಮೇಲೆ. ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ದ್ರಾಕ್ಷಿ ತೋಟದ ಸಾಮತಿಯಲ್ಲಿ ಸಂಜೆ ಬಂದವನನ್ನೂ ಯಜಮಾನ ಬರಿಗೈಯಲ್ಲಿ ಕಳಿಸಲಿಲ್ಲವೆಂದು ಯೇಸುಸ್ವಾಮಿ ಹೇಳಿದ್ದಾರೆ. ಸರಕಾರದ ತೋಟದಲ್ಲಿ ಮಧ್ಯಾಹ್ನಕ್ಕೇ ಬೀಗ.

ಎರಡನೆಯ ಸಂಗತಿ ರೂಪಾಯಿಯ ಬೆಲೆ. ಕೇರಳದಲ್ಲಿ ಕೃಷಿ ಕಾರ್ಮಿಕರ ಪಿಂಚಣಿ ೧೯೮೦ರಲ್ಲಿ ಶುರುವಾದಾಗ ತಿಂಗಳಿಗೆ ೪೫ ರೂಪಾಯಿ. ಇಲ್ಲಿಯ ಕ್ಷೇಮ ಪಿಂಚಣಿಗಳು ೨೦೨೫ರ ನವೆಂಬರಿನಿಂದ ೨,೦೦೦ ಆದವು. ಅದು ತಾನಾಗಿ ಬೆಳೆಯಲಿಲ್ಲ. ಕೇಳಿ ಕೇಳಿ, ಧರಣಿ ಕೂತು, ಚುನಾವಣೆಯ ಹೊತ್ತಿಗೆ ಒತ್ತಿ ಒತ್ತಿ ಏರಿತು. ಕೇಂದ್ರದ ವೃದ್ಧಾಪ್ಯ ವೇತನ ೧೯೯೫ರಲ್ಲಿ ೭೫ ರೂಪಾಯಿ ಇತ್ತು. ೨೦೦೭ರ ಹೊತ್ತಿಗೆ ೨೦೦ ಆಯಿತು. ಎಂಬತ್ತು ದಾಟದವರಿಗೆ ಕೇಂದ್ರದ ಪಾಲು ೨೦೨೫ರಲ್ಲಿಯೂ ಅದೇ ೨೦೦. ಇಂದು ಹದಿನೆಂಟರ ಹುಡುಗ ೩,೦೦೦ದ ಪಿಂಚಣಿಗೆ ಸೇರಿದರೆ ಅದು ಅವನ ಕೈ ಸೇರುವುದು ೪೨ ವರ್ಷಗಳ ನಂತರ. ಅಂದಿನ ೩,೦೦೦ಕ್ಕೆ ಎಷ್ಟು ಸೇರು ಅಕ್ಕಿ? ಬೆಲೆಯೇರಿಕೆಯೊಂದಿಗೆ ಪಿಂಚಣಿಯನ್ನೂ ಏರಿಸುವ ಕಟ್ಟು ಕಾನೂನಿನಲ್ಲಿಯೇ ಇರಬೇಕು, ಮಂತ್ರಿಗಳ ಮರ್ಜಿಯಲ್ಲಿ ಅಲ್ಲ. ಹೊತ್ತಿಗೆ ಸರಿಯಾಗಿಯೂ ಸಿಗಬೇಕು. ೨೦೨೩ರ ಕೊನೆಯಿಂದ ೨೦೨೪ರ ಮೊದಲ ತಿಂಗಳುಗಳವರೆಗೆ ಕೇರಳದಲ್ಲಿ ಪಿಂಚಣಿ ತಿಂಗಳುಗಟ್ಟಲೆ ಬಾಕಿ ಬಿದ್ದದ್ದು ನಿಮಗೆ ನೆನಪಿರಬಹುದು. ರಕ್ತದೊತ್ತಡದ ಮಾತ್ರೆ ಬಾಕಿಗೆ ಸಿಗುವುದಿಲ್ಲ.

ಕೇರಳದ ಒಂದು ದೊಡ್ಡ ಗುಣವೆಂದರೆ ಕಸುಬಿಗೊಂದು ಕ್ಷೇಮನಿಧಿ. ಕಳ್ಳು ಇಳಿಸುವವರಿಗೆ ೧೯೬೯ರ ಕಾನೂನು, ಮೀನುಗಾರರಿಗೆ ೧೯೮೫ರದು, ಆಟೋದವರಿಗೆ ೧೯೯೧ರ ಯೋಜನೆ, ಟೈಲರುಗಳಿಗೆ ೧೯೯೪ರ ಕಾನೂನು. ಧಣಿಯಿಲ್ಲದವನೂ ಇಲ್ಲಿ ಸದಸ್ಯನಾಗಬಹುದು. ಇಂಥದ್ದು ದೇಶದಲ್ಲಿ ಬಹಳ ಕಡೆ ಇಲ್ಲ. ಆದರೆ ವಂತಿಗೆ ತಪ್ಪಿದರೆ ಸದಸ್ಯತ್ವ ಬೀಳುತ್ತದೆ. ನಮ್ಮ ಬಳಗದ ಒಬ್ಬ ಸೋದರಿ ಹೊಲಿಗೆ ಮಾಡಿ ಹಲವು ವರ್ಷ ನಿಯತ್ತಿನಿಂದ ವಂತಿಗೆ ಕಟ್ಟಿದರು. ಗಂಡ ಹಾಸಿಗೆ ಹಿಡಿದ ವರ್ಷ ಕಟ್ಟಲಾಗಲಿಲ್ಲ. ಕಚೇರಿಯಿಂದ ಕಾಗದ ಬಂತು, ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಆಕೆ ಅದನ್ನು ಕರೆಂಟು ಬಿಲ್ಲುಗಳ ಜತೆಗೆ ತಂತಿಗೆ ಚುಚ್ಚಿಟ್ಟರು. ಇಂಥ ತಾರೀಕಿನ ಒಳಗೆ ಬಾಕಿ ಕಟ್ಟಿದರೆ ಹೆಸರು ಉಳಿಯುತ್ತದೆ ಎಂದು ಅದರಲ್ಲಿತ್ತು. ನಮ್ಮ ಕೈಗೆ ಆ ಕಾಗದ ಸಿಕ್ಕುವಾಗ ತಾರೀಕು ಕಳೆದು ಏಳು ತಿಂಗಳು. ಆಕೆಯ ಜತೆ ಯೂನಿಯನ್ನಿನ ಪರವಾಗಿ ಮೂರು ಸಲ ಹೋಗಿ ಬಂದಿದ್ದೇವೆ. ಅರ್ಜಿ ಮೇಲಿಗೆ ಹೋಗಿದೆ ಎನ್ನುತ್ತಾರೆ. ಮೇಲೆ ಎಂದರೆ ಎಲ್ಲಿ ಎಂದು ಕೇಳಿದರೆ ಗುಮಾಸ್ತರು ಫ್ಯಾನಿನ ಕಡೆ ನೋಡುತ್ತಾರೆ.

೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಲಯಾಳದ ಮೇಲೆ ನಮಗೆ ಮುನಿಸಿಲ್ಲ. ಮಕ್ಕಳು ಕಲಿಯುತ್ತಿದ್ದಾರೆ, ಕಲಿಯಲಿ. ಆದರೆ ಕೇರಳದ ೧೯೬೯ರ ಆಡಳಿತ ಭಾಷೆಗಳ ಕಾನೂನು, ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದು ಹೇಳುತ್ತದೆ. ಸಾಹಿತ್ಯ ಸಮ್ಮೇಳನದ ಠರಾವಿಗಿಂತ ಈ ಕ್ಷೇಮನಿಧಿಯ ಕಾಗದದಲ್ಲಿ ಕನ್ನಡ ಬಂದರೆ ಹೆಚ್ಚು ಮಂದಿಗೆ ಅನ್ನವಾಗುತ್ತದೆಂದು ನಮ್ಮ ಅಭಿಪ್ರಾಯ.

ಗಡಿಯವರದ್ದು ಇನ್ನೊಂದು ಪಾಡು. ಮನೆ ಮಂಜೇಶ್ವರ, ದುಡಿಮೆ ಮಂಗಳೂರು. ೨೦೨೦ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಇಂಥವರ ಪಾಡು ನಮಗೆ ಗೊತ್ತು. ಕಸುಬಿನ ನಿಧಿಗಳು ರಾಜ್ಯ ರಾಜ್ಯದ್ದು. ಮನೆಯೊಂದು ಕಡೆ, ಮೆಷಿನು ಇನ್ನೊಂದು ಕಡೆ ಇರುವವನು ಎರಡು ಕಚೇರಿಗಳ ನಡುವೆ ಚೆಂಡಾಗುತ್ತಾನೆ. ೨೦೨೧ರ ಆಗಸ್ಟಿನಲ್ಲಿ ಶುರುವಾದ ಇ-ಶ್ರಮ್ ನೋಂದಣಿಯ ಹನ್ನೆರಡು ಅಂಕಿಯ ಸಂಖ್ಯೆ ದೇಶಕ್ಕೆಲ್ಲ ಒಂದೇ. ಅದನ್ನು ಇಟ್ಟುಕೊಂಡು, ದುಡಿದಲ್ಲಿ ಕಟ್ಟಿದ ವಂತಿಗೆ ಬಾಳುವಲ್ಲಿ ಸಲ್ಲುವಂತೆ ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡರೆ ಆಗದ ಕೆಲಸವಲ್ಲ.

"ಮಕ್ಕಳಿದ್ದಾರೆ, ನೋಡಿಕೊಳ್ಳುತ್ತಾರೆ" ಎನ್ನುವವರು ನಮ್ಮಲ್ಲಿದ್ದಾರೆ. ಮಕ್ಕಳು ಗಲ್ಫಿನಲ್ಲೋ ಮುಂಬಯಿಯಲ್ಲೋ ತಮ್ಮ ಬಾಡಿಗೆ ಕಟ್ಟಲು ಒದ್ದಾಡುತ್ತಿರುತ್ತಾರೆ. ಸಂತ ವಿನ್ಸೆಂಟರ ಸಭೆಯವರು ಅಕ್ಕಿ, ಔಷಧಿ ಕೊಡುತ್ತಾರೆ, ದೇವರು ಅವರನ್ನು ಹರಸಲಿ. ಆದರೆ ನಲವತ್ತು ವರ್ಷ ಊರಿಗೆ ಬಟ್ಟೆ ಹೊಲಿದವಳು ಮುಪ್ಪಿನಲ್ಲಿ ಸಹಾಯದ ಪಟ್ಟಿಗೆ ಹೆಸರು ಬರೆಸಲು ಸಂಕೋಚದಿಂದ ಬಾಗಿಲ ಮರೆಯಲ್ಲಿ ನಿಲ್ಲಬೇಕೇ? ಆಕೆಗೆ ಬರಬೇಕಾದದ್ದು ಕೂಲಿಯ ಬಾಕಿ.

ಆದುದರಿಂದ ಬಳಗದ ಪರವಾಗಿ ಒಂದು ಮನವಿ ಸಿದ್ಧವಾಗಿದೆ. ನಲವತ್ತು ದಾಟಿದವರಿಗೂ ಪಿಂಚಣಿಯ ಬಾಗಿಲು ತೆರೆಯಬೇಕು, ಅವರ ವಂತಿಗೆಯ ಜತೆಗೆ ಸರಕಾರದ ಪಾಲೂ ಬೀಳಬೇಕು. ಬೆಲೆಯೊಂದಿಗೆ ಪಿಂಚಣಿ ಏರಬೇಕು. ಕಾಯಿಲೆಯ ವರ್ಷ ವಂತಿಗೆ ತಪ್ಪಿದರೆ ಹೆಸರು ಹೊಡೆಯದೆ ಸಾವಕಾಶ ಕೊಡಬೇಕು. ಕಾಗದ ಕನ್ನಡದಲ್ಲಿ ಬರಬೇಕು. ಇದಕ್ಕೆ ಸಹಿ ಹಾಕಿಯೇ ಚಹಾಕ್ಕೆ ಹೋಗಿ.

ಬರುವ ಆದಿತ್ಯವಾರ ಎರಡನೆಯ ಪೂಜೆಯ ನಂತರ ಇಗರ್ಜಿಯ ಪಡಸಾಲೆಯಲ್ಲಿ ನಾವು ಮೇಜು ಹಾಕಿ ಕುಳಿತಿರುತ್ತೇವೆ. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ ತನ್ನಿ. ಹದಿನೆಂಟು ದಾಟಿದ ಮಕ್ಕಳನ್ನು ಎಳೆದುಕೊಂಡಾದರೂ ಬನ್ನಿ, ಅವರ ೫೫ ರೂಪಾಯಿ ಒಂದು ಸಿನೆಮಾ ಟಿಕೆಟಿಗಿಂತ ಕಡಿಮೆ. ವರ್ಷಕ್ಕೆ ೨೦ ರೂಪಾಯಿಯ ಅಪಘಾತ ವಿಮೆಯ ಅರ್ಜಿಯೂ ಅಲ್ಲಿರುತ್ತದೆ. ಮರ ಹತ್ತುವವರು ಅದನ್ನು ಬಿಡಲೇಬಾರದು. ಪಿಂಚಣಿ ಪಡೆಯುವ ಹಿರಿಯರು ಅಕ್ಷಯ ಕೇಂದ್ರದಲ್ಲಿ ಮಸ್ಟರಿಂಗ್ ಮಾಡಿಸಿದ ಚೀಟಿ ತೋರಿಸಿ. ಹಳೆಯ ಕ್ಷೇಮನಿಧಿಯ ಕಾರ್ಡು ಇದ್ದವರು, ಹರಿದಿದ್ದರೂ, ಇಲಿ ಕಡಿದಿದ್ದರೂ ತನ್ನಿ. ತಂತಿಗೆ ಚುಚ್ಚಿಟ್ಟ ಮಲಯಾಳದ ಕಾಗದಗಳಿದ್ದರೆ ಅವುಗಳನ್ನೂ ಹಾಗೆಯೇ ತನ್ನಿ. ಓದಿ ಹೇಳುವವರು ಇಬ್ಬರು ಇರುತ್ತಾರೆ.