ಪರೀಕ್ಷೆಯ ಸರ್ವರಿಗೂ ಕಾವಲು ಬೇಕು
(ಕಿದ್ವಾಯಿ ನಗರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಚಿಕ್ಕ ಸರ್ವರ್ ಪರೀಕ್ಷೆಯದಷ್ಟೇ, ಅದಕ್ಕೇತಕ್ಕೆ ಕಾವಲು ಎನ್ನುವವರುಂಟು. ಅದರೊಳಗಿರುವುದು ನಿಮ್ಮ ಉಳಿತಾಯದ ಲೆಕ್ಕದ ನಕಲು! 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು, ತಿದ್ದುಪಡಿ ಹಾಕದ ವಿಂಡೋಸ್ ಯಂತ್ರಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಪರೀಕ್ಷೆಯ ಯಂತ್ರವೆಂದು ಯಾವುದನ್ನೂ ಬಿಡಲಿಲ್ಲ.

ಮನೆಬಳಕೆಯ ಪುಕ್ಕಟೆ ಆಂಟಿವೈರಸ್ ಹಾಕೋಣವೆಂದರೆ, ಅವುಗಳಲ್ಲಿ ಹಲವನ್ನು ಸಂಘಸಂಸ್ಥೆಗಳಲ್ಲಿ ಬಳಸಲು ಪರವಾನಗಿಯಿಲ್ಲ. ವಿಂಡೋಸ್ ಸರ್ವರ್ 2016 ಮತ್ತು ಅನಂತರದವುಗಳಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ, ಬೇರೆ ದುಡ್ಡಿಲ್ಲ. ಲಿನಕ್ಸಿಗೆ ಕ್ಲಾಮ್‌ಎವಿ ಉಂಟು, ಅದೂ ಉಚಿತ. ಆದರೆ ಹಾಕಿದ ಮಾತ್ರಕ್ಕೆ ಅದು ಹಗಲಿರುಳು ಕಾಯುವುದಿಲ್ಲ. ಹೊತ್ತು ಗೊತ್ತುಮಾಡಿ ಶೋಧಿಸಲು ನಾವೇ ಹಚ್ಚಬೇಕು.

ಉಳಿದ ಹಣಕ್ಕೆ ಒಂದು ಡಿಸ್ಕ್ ಕೊಳ್ಳೋಣ. ವಾರಕ್ಕೊಮ್ಮೆ ಲೆಕ್ಕದ ಪ್ರತಿ ತೆಗೆದು, ಅದನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಡತಕ್ಕದ್ದು.