ತಾರೀಖನ್ನು ಪ್ರಶ್ನಿಸಿದ ಹಾಡು



ಜನವರಿ 26 ಎಂದೊಡನೆ ಭಾರತೀಯರಿಗೆ ನೆನಪಾಗುವುದು ಗಣರಾಜ್ಯೋತ್ಸವ: ಧ್ವಜವಂದನೆ, ಶಾಲಾ ಮಕ್ಕಳ ಕವಾಯತು, ಕೊನೆಗೆ ಕೈಗೆ ಬೀಳುವ ಸಿಹಿ. ಆಸ್ಟ್ರೇಲಿಯಕ್ಕೂ ಅದೇ ದಿನ ರಾಷ್ಟ್ರೀಯ ಹಬ್ಬ. ಭಾರತದಲ್ಲಿ ಅದು ಸಂವಿಧಾನ ಜಾರಿಗೆ ಬಂದ ದಿನ. ಅಲ್ಲಿ ವಸಾಹತು ಕಾಲೂರಿದ ದಿನ. 1788ರಲ್ಲಿ ಅಂದು ಕ್ಯಾಪ್ಟನ್ ಆರ್ಥರ್ ಫಿಲಿಪ್ ಸಿಡ್ನಿಯ ದಂಡೆಯಲ್ಲಿ ಬ್ರಿಟಿಷ್ ಬಾವುಟ ಏರಿಸಿದ. ಆ ನೆಲದಲ್ಲಿ ಅದಾಗಲೇ ಹತ್ತಾರು ಸಾವಿರ ವರ್ಷಗಳಿಂದ ಜನ ಬಾಳಿದ್ದರು. ಅವರನ್ನು ಯಾರೂ ಕೇಳಲಿಲ್ಲ.

1938ರಲ್ಲಿ ಸರ್ಕಾರ ಈ ಘಟನೆಯ 150ನೇ ವರ್ಷಾಚರಣೆ ನಡೆಸಿದಾಗ ಮೂಲನಿವಾಸಿ ಮುಖಂಡರು ಸಿಡ್ನಿಯಲ್ಲೇ ಸಭೆ ಸೇರಿ ಅದನ್ನು ಶೋಕದಿನವೆಂದು ಸಾರಿದರು. ಆ ಹಳೆಯ ಅಳಲನ್ನು 2016ರಲ್ಲಿ ಕುಣಿಸುವ ತಾಳಕ್ಕೆ ಹೊಂದಿಸಿದವರು ‘ಎ.ಬಿ. ಒರಿಜಿನಲ್’ ಎಂಬ ಹಿಪ್ ಹಾಪ್ ಜೋಡಿ.

ಹೆಸರಲ್ಲೇ ಶ್ಲೇಷೆಯಿದೆ. ಬಿಡಿಸಿ ಓದಿದರೆ ‘ಎಂದೆಂದೂ ಕಪ್ಪು, ಅಸಲಿ’. ಕೂಡಿಸಿ ಓದಿದರೆ ‘ಅಬೊರಿಜಿನಲ್’. ಬ್ರಿಗ್ಸ್ ವಿಕ್ಟೋರಿಯಾ ರಾಜ್ಯದ ಶೆಪರ್ಟನ್ ಊರಿನ ಯೋರ್ಟ ಯೋರ್ಟ ಜನಾಂಗದವರು. ರ‍್ಯಾಪ್ ಜತೆಗೆ ಟಿವಿ ಹಾಸ್ಯವನ್ನೂ ಬರೆದವರು. ಸಿಟ್ಟು ಎಷ್ಟೇ ಇರಲಿ, ಇವರ ಹಾಡುಗಳಲ್ಲಿ ನಗೆ ಬತ್ತದಿರುವುದಕ್ಕೆ ಬಹುಶಃ ಇದೂ ಕಾರಣ. ಟ್ರಯಲ್ಸ್ ಎಂಬ ಹೆಸರಿನ ಡೇನಿಯಲ್ ರಾಂಕಿನ್ ದಕ್ಷಿಣ ಆಸ್ಟ್ರೇಲಿಯದ ನಾರಿಂಜೆರಿ ಜನಾಂಗದವರು. ಸಂಗೀತ ಹೊಸೆಯುವ ಕೆಲಸ ಹೆಚ್ಚಾಗಿ ಅವರದು.

ಇಬ್ಬರೂ ಸೇರಿ 2016ರಲ್ಲಿ ತಂದ ಆಲ್ಬಂ ‘ರಿಕ್ಲೇಮ್ ಆಸ್ಟ್ರೇಲಿಯ’. ವಾಸ್ತವವಾಗಿ ಇದು ವಲಸಿಗರನ್ನೂ ಮುಸ್ಲಿಮರನ್ನೂ ವಿರೋಧಿಸುತ್ತಿದ್ದ ಬಲಪಂಥೀಯ ಗುಂಪೊಂದರ ಹೆಸರು. ‘ದೇಶವನ್ನು ಮರಳಿ ಪಡೆಯೋಣ’ ಎಂಬ ಘೋಷಣೆಯನ್ನು ಮೂಲನಿವಾಸಿಗಳ ಬಾಯಲ್ಲಿ ಇರಿಸಿದ ಮೇಲೆ ಅದರ ಅರ್ಥವೇ ತಿರುಗಿಬಿತ್ತು. 2017ರ ಮಾರ್ಚ್‌ನಲ್ಲಿ ಈ ಆಲ್ಬಂಗೆ ಪ್ರತಿಷ್ಠಿತ ಆಸ್ಟ್ರೇಲಿಯನ್ ಮ್ಯೂಸಿಕ್ ಪ್ರೈಜ್ ದೊರೆಯಿತು.

ಹೆಚ್ಚು ಸದ್ದು ಮಾಡಿದ ಹಾಡಿನ ಹೆಸರೇ ‘ಜನವರಿ 26’. ಗಾಯಕ ಡ್ಯಾನ್ ಸುಲ್ತಾನ್ ಪಲ್ಲವಿಗೆ ದನಿಯಾದರು. 1990ರ ದಶಕದ ಕ್ಯಾಲಿಫೋರ್ನಿಯಾ ರ‍್ಯಾಪ್‌ನ ಸೋಮಾರಿ ಲಯ ಅದರದ್ದು. ಮಾತು ಮಾತ್ರ ಚಾಟಿ. ಆ ದಿನ ಸಂಭ್ರಮಿಸಲಾರೆವು ಎಂಬುದೇ ಅದರ ಸಾರ. ಕೇಳುಗ ತಲೆದೂಗಿದ ಮೇಲೆ ತಾನು ಯಾವುದಕ್ಕೆ ತಲೆದೂಗಿದೆನೆಂದು ಯೋಚಿಸಬೇಕು!

ಸರ್ಕಾರಿ ಪ್ರಸಾರ ಸಂಸ್ಥೆಯ ಯುವಜನ ಬಾನುಲಿ ‘ಟ್ರಿಪಲ್ ಜೆ’ ಪ್ರತಿವರ್ಷ ಕೇಳುಗರ ಮತದಿಂದ ನೂರು ಹಾಡುಗಳನ್ನು ಆರಿಸುತ್ತದೆ. ಅವನ್ನು ಬಿತ್ತರಿಸುತ್ತಿದ್ದುದು ಜನವರಿ 26ರಂದೇ! 2017ರ ಆ ದಿನ ಆ ದಿನವನ್ನೇ ಜರೆಯುವ ಹಾಡು 16ನೇ ಸ್ಥಾನದಲ್ಲಿ ಮೊಳಗಿತು. ತಾರೀಖು ಬದಲಿಸಿ ಎಂಬ ಒತ್ತಾಯ ಹಾಡಿಗಿಂತ ಹಳೆಯದು, ನಿಜ. ಎಲ್ಲ ಕೀರ್ತಿಯನ್ನೂ ಇಬ್ಬರಿಗೇ ಕೊಡಲಾಗದು. ಆದರೆ ಅದೇ ವರ್ಷ ಬಾನುಲಿ ಕೇಳುಗರ ಅಭಿಪ್ರಾಯ ಪಡೆದಾಗ ಶೇ. 60 ಮಂದಿ ಬದಲಾವಣೆಗೆ ಒಪ್ಪಿದರು. ಸಂಪರ್ಕ ಸಚಿವರು ಬಹಿರಂಗವಾಗಿ ಟೀಕಿಸಿದರೂ ನಿರ್ಧಾರ ನಿಂತಿತು. 2018ರಲ್ಲಿ ನೂರು ಹಾಡುಗಳು ಬಿತ್ತರವಾದದ್ದು ಜನವರಿ 27ರಂದು.

ಸರ್ಕಾರಿ ರಜೆ ಇಂದಿಗೂ 26ರಂದೇ ಇದೆ. ಅಂದು ಸಿಡ್ನಿ, ಮೆಲ್ಬರ್ನ್ ಬೀದಿಗಳಲ್ಲಿ ಪ್ರತಿಭಟನೆಯ ಮೆರವಣಿಗೆಗಳೂ ಹೊರಡುತ್ತವೆ.