ಇಂದ್ರಾಳಿಯಿಂದ ಗುಡ್ಡದ ಮೇಲಕ್ಕೆ



ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೆಟ್ರೊ ಬೇಕೆನ್ನುವವರಿಗೆ ನಾನು ಮೊದಲು ಇಂದ್ರಾಳಿಯನ್ನು ತೋರಿಸುತ್ತೇನೆ. ಉಡುಪಿಯ ರೈಲು ನಿಲ್ದಾಣ ಇರುವುದೇ ಅಲ್ಲಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದಾಗಲೇ ಹಳಿ ಗುಡ್ಡದ ಬುಡಕ್ಕೆ ಬಂದಾಗಿದೆ. ಕೊರತೆ ಇರುವುದು ಗಾಡಿಯ ವೇಳೆಯಲ್ಲಿ. ಒಂಟಿ ಹಳಿ, ದೂರದ ಎಕ್ಸ್‌ಪ್ರೆಸ್ಸಿಗೆ ದಾರಿಬಿಟ್ಟು ಊರ ಗಾಡಿ ಕಾಯಬೇಕು. ಜೋಡಿಹಳಿ ಹಾಕಿ, ತರಗತಿಯ ಹೊತ್ತಿಗೆ ಮಂಗಳೂರಿನಿಂದ ಮೆಮು ಓಡಿಸಿ, ಇಂದ್ರಾಳಿಯಲ್ಲಿ ಬಸ್ಸು ಕಾದಿದ್ದರೆ ಸಾಕು. ಕಾಪುವಿನವರು ಇನ್ನಂಜೆಯಲ್ಲಿ ಹತ್ತಿಯಾರು.

ಮಠದ ಪ್ರಸಾದನಿಲಯದಲ್ಲಿದ್ದು ಎಂಜಿನಿಯರಾದವನು ನಾನು. ಹಾಸ್ಟೆಲಿಗೆ ಹಣವಿಲ್ಲದ ಮನೆಯ ಮಗುವಿಗೆ ರೈಲಿನ ತಿಂಗಳ ಪಾಸು ಎಂದರೇನೆಂದು ಬಲ್ಲೆ.

ಬೆಂಗಳೂರಿನ ಜ್ಞಾನಭಾರತಿಗೆ 2021ರಲ್ಲಿ ಮೆಟ್ರೊ ಬಂತು, ನಿಜ. ನಿಲ್ದಾಣ ಮೈಸೂರು ರಸ್ತೆಯಲ್ಲಿದೆ, ತರಗತಿಗಳು ದೂರ ಒಳಗೆ. ಅಲ್ಲಿಯೂ ಬಸ್ಸು ಬೇಕು!

ಕಾರ್ಕಳಕ್ಕಂತೂ ಹಳಿಯೇ ಇಲ್ಲ. ಮಣಿಪಾಲದ ಆಸ್ಪತ್ರೆಗೆ ಬರುವ ಅಲ್ಲಿನ ರೋಗಿಗೆ ಇಂದಿಗೂ ರಸ್ತೆಯೇ ಗತಿ.